ಗೌಸ್ ಪೀರ್ ಮನೆಯ ನಾಲ್ಕನೇ ಪ್ಲೇಟು

1964ರ ಮಾರ್ಚ್ 14, ಶನಿವಾರ. ಬೆಳಿಗ್ಗೆ 9.20ಕ್ಕೆ ಹತ್ತಿ ವ್ಯಾಪಾರಿ ಗೌಸ್ ಪೀರ್ ದಾವಣಗೆರೆ ಠಾಣೆಗೆ ಬಂದು, ಗ್ರಾಮಫೋನ್ ಪ್ಲೇಟು ಕಳುವಾಗಿದೆಯೆಂದು ದೂರು ಕೊಟ್ಟರು. ಇನ್ಸ್‌ಪೆಕ್ಟರ್ ಅಂಜಿನಪ್ಪನಿಗೆ ನಗು ಬಂತು. ಆದರೂ ಎಫ್.ಐ.ಆರ್. ಬರೆದ.

"ಬೊಂಬಾಯಿ ಲೋಬೋ ಸಾಹೇಬರ ಜಾಜ್ ರೀ. ತಾಳ ಇಲ್ಲ, ಅಂಕೆ ಇಲ್ಲ, ಅಂಥಾ ಸ್ಯಾಕ್ಸೋಫೋನು ಯಾರೂ ಊದಿಲ್ಲ. ಐದೇ ಪ್ಲೇಟು ಮಾಡಿ ತೀರ್ಕಂಡ್ರು. ಐದೂ ಇದ್ರೇನೇ ಸಂಗ್ರಹ ಪೂರಾ. ನಾಲ್ಕನೇದು ಹೋಗೈತೆ."

11 ಗಂಟೆಗೆ ಮನೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬೆಳ್ಳಿಯ ಗುಲಾಬ್‌ದಾನಿ ಇದ್ದಲ್ಲೇ ಇತ್ತು, ಉಳಿದ ನಾಲ್ಕು ಪ್ಲೇಟೂ ಇದ್ದವು. ಪ್ಲೇಟಿನ ಹುಚ್ಚಿನವನಾದರೆ ಐದನ್ನೂ ಒಯ್ಯುತ್ತಿದ್ದ. ಹೊಟ್ಟೆಗಿಲ್ಲದವನಾದರೆ ಬೆಳ್ಳಿ ಒಯ್ಯುತ್ತಿದ್ದ. ಅಂಜಿನಪ್ಪ ಗೌಸ್ ಪೀರ್ ಕಡೆ ತಿರುಗಿದ.

"ಆ ಪ್ಲೇಟಿನಾಗ ಏನೈತ್ರಿ?"

"ಲೋಬೋ ಸಾಹೇಬ್ರು ಹರಿಹರದ ಹೊಳೆ ದಂಡ್ಯಾಗ ಟೇಪ್ ಮಷೀನ್ ಇಟ್ಟು ಹಿಡಿದದ್ದು. ಸ್ಯಾಕ್ಸೋಫೋನಿನ ಹಿಂದ ನೀರಿನ ಸಪ್ಪಳ, ನಡುವೆ ಒಬ್ಬಾಕಿ ಹಾಡ್ತಾಳ. 'ಮ್ಯಾಲೆ ಬಾರವ್ವ ಕಮಲೀ, ಜಡೆ ಹೆಣಿತೀನಿ ಬಾರವ್ವ' ಅಂತ. ಪ್ರತಿ ಶುಕ್ರವಾರ ಸ್ನೇಹಿತರು ಬರ್ತಾರ, ಚಾ ಕುಡ್ಕಂತ ಕೇಳ್ತೀವಿ."

ಅಂಜಿನಪ್ಪನ ಪೆನ್ನು ನಿಂತಿತು. ಅದು ಹಾಡಲ್ಲ. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವ ಅಳು. ಅವನ ಅವ್ವನೂ ಹಾಗೆ ಅತ್ತಿದ್ದಳು. ಆಗಲೇ ಹಿತ್ತಲಿನಲ್ಲಿ ಪಾತ್ರೆ ತಿಕ್ಕುವ ಸದ್ದೂ ನಿಂತಿತು.

ಕಮಲಿ ಎಂಬ ಹೆಸರಿನ ಜಾಡು ಹಿಡಿದು ಅಂಜಿನಪ್ಪ ಹರಿಹರಕ್ಕೆ ಹೋದ. 2.15ಕ್ಕೆ ಅಲ್ಲಿನ ಠಾಣೆಯಲ್ಲಿ, ಅವನ ಜೊತೆ ಬಂದಿದ್ದ ಕಾನ್‌ಸ್ಟೇಬಲ್ ಮಸ್ತಾನಸಾಬ್ ಅಸಹಜ ಸಾವಿನ ಹಳೆಯ ಕಡತ ಬಿಚ್ಚಿ ಓದಿದ.

"1957, ನವೆಂಬರ್ 2. ಕಮಲಿ, ಎಂಟು ವರ್ಷ, ಹೊಳ್ಯಾಗ ಮುಳುಗಿ ಸಾವು. ತಾಯಿ ಹೊನ್ನಕ್ಕ, ಹೆಬ್ಬೆಟ್ಟು."

ಅಂಜಿನಪ್ಪ ಗೌಸ್ ಪೀರ್‌ಗೆ ಫೋನ್ ಮಾಡಿದ.

"ಪಾತ್ರೆ ತಿಕ್ಕೋ ಆಕಿ ಹೆಸರೇನ್ರಿ?"

"ಹೊನ್ನಕ್ಕ. ನೀವು ಹೋದ ಮ್ಯಾಲೆ ಗಂಟು ತಗಂಡು ಹರಿಹರದ ಬಸ್ ಹತ್ತಿದ್ಲಂತ."

ಅಂಜಿನಪ್ಪ ರಿಸೀವರ್ ಕುಕ್ಕಿ ಹೊರಗೋಡಿದ. ಜೀಪು ನೇರ ಹೊಳೆಗೆ ಹೋಯಿತು.

ಹೊನ್ನಕ್ಕ ಸೊಂಟದ ಮಟ್ಟ ನೀರಿನಲ್ಲಿದ್ದಳು. ಎದೆಗವಚಿಕೊಂಡ ಗಂಟಿನಲ್ಲಿ ಸಣ್ಣ ಲಂಗ ಕಾಣುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟಳು. ಅಂಜಿನಪ್ಪನಿಗೆ ಬೇರೆ ಮಾತೇ ತೋಚಲಿಲ್ಲ.

"ಮ್ಯಾಲೆ ಬಾರವ್ವ."

ಅವಳು ತಿರುಗಿ ನೋಡಿದಳು. ತಾನು ಅಂದದ್ದು ಅವಳದೇ ಮಾತೆಂದು ಅವನಿಗೆ ಆಮೇಲೆ ಹೊಳೆಯಿತು. ಹೊನ್ನಕ್ಕ ಮೆಲ್ಲಗೆ ದಂಡೆಗೆ ಬಂದಳು.

"ನಾನು ಕೂಗಾದು ಬಿಟ್ಟು ಆರು ವರ್ಷ ಆತ್ರಿ. ಆ ಪ್ಲೇಟು ಬಿಡವಲ್ದು. ಶುಕ್ರವಾರ ಶುಕ್ರವಾರ ಕರೀತೈತೆ. ಹಿಂಗ ಕರೀತಿದ್ರ ಕೂಸು ಹೆಂಗ ಹೋಗ್ಬೇಕು?"

"ಒಡೆದು ಹಾಕಬೌದಿತ್ತಲ್ಲ?"

"ಅದ್ರಾಗ ಅವಳ ಹೆಸರೈತಲ್ರಿ."

4.40ಕ್ಕೆ ದಸ್ತಗಿರಿ. ಕಲಂ 381, ಮನೆಯ ಆಳು ಮಾಡಿದ ಕಳವು. ಲಂಗದೊಳಗಿನ ಪ್ಲೇಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಸಂಜೆ ದಾವಣಗೆರೆ ಠಾಣೆಗೆ ಬಂದ ಗೌಸ್ ಪೀರ್ ಎಲ್ಲ ಕೇಳಿ, "ಹಾಡು ಅಂದ್ಕಂಡಿದ್ದೆ" ಎಂದರು.

"ಗುರುತು ಹಿಡಿಯಾಕ ಒಮ್ಮೆ ಹಾಕಿ ಕೇಳ್ಬೇಕಲ್ರಿ, ಸಾಹೇಬ್ರ?" ಎಂದ ಮಸ್ತಾನಸಾಬ್.

"ಬ್ಯಾಡ."

ಅಂಜಿನಪ್ಪ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಕಾಯಿಸಿ ಸೀಲು ಒತ್ತಿದ. ಡೈರಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ಬರೆದ: "ಮಗಳನ್ನು ಕರೆಯುವುದು ನಿಲ್ಲಲಿ ಎಂದು."