ತಾನಾಗಿ ಬಿದ್ದ ಮನೆ

ಬಾಗಿಲಿನ ಅಗಲ ಇಪ್ಪತ್ತಮೂರು ಇಂಚು. ಗಾಲಿಕುರ್ಚಿಯ ಅಗಲ ಇಪ್ಪತ್ತೇಳು. ಈ ನಾಲ್ಕು ಇಂಚಿಗಾಗಿ ಒಬ್ಬ ಮನುಷ್ಯ ಮೂರು ವರ್ಷ ಪುರಸಭೆಯ ಮೆಟ್ಟಿಲು ಸವೆಸಿದ ಎಂದರೆ ಕೇಳಿದವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ. ನಕ್ಕವರು ಯಾರೂ ಹದಿನಾಲ್ಕು ವರ್ಷದ ಮಗಳನ್ನು ಬೆನ್ನ ಮೇಲೆ ಹೊತ್ತು, ಅಡ್ಡಕ್ಕೆ ತಿರುಗಿ, ಅವಳ ಮೊಣಕೈ ಚೌಕಟ್ಟಿಗೆ ತರಚದ ಹಾಗೆ ದಿನಕ್ಕೆ ನಾಲ್ಕು ಸಲ ಆ ಬಾಗಿಲು ದಾಟಿದವರಲ್ಲ. ಚಿಕ್ಕವಳಿದ್ದಾಗ ಮಗಳು ಅಪ್ಪನ ಕಿವಿ ಹಿಡಿದುಕೊಂಡು ಕುದುರೆಯಾಟ ಆಡುತ್ತಿದ್ದಳು. ಈಗ ಅವಳ ಮಾತೇ ಬೇರೆ. "ಅಪ್ಪಾ, ರಸ್ತೇಲಿ ನಮ್ಮ ಕ್ಲಾಸಿನವರು ಯಾರಾದ್ರೂ ಇದ್ದಾರಾ ನೋಡು. ಯಾರೂ ಇಲ್ದಾಗ ಹೋಗೋಣ" ಎನ್ನುತ್ತಾಳೆ. ಅಪ್ಪ ಕಿಟಕಿಯಲ್ಲಿ ಇಣುಕುತ್ತಾನೆ, ರಸ್ತೆ ಖಾಲಿಯಾಗುವವರೆಗೆ ಇಬ್ಬರೂ ಕಾಯುತ್ತಾರೆ.

ಅವನ ಕೆಲಸ ವಿಮಾ ಕಂಪನಿಯಲ್ಲಿ. ಸುಟ್ಟ ಅಂಗಡಿ, ಕುಸಿದ ಗೋದಾಮು, ನೀರು ನುಗ್ಗಿದ ನೆಲಮಾಳಿಗೆ, ಎಲ್ಲಿಗೆ ಕಳಿಸಿದರೂ ಹೋಗಿ ನೋಡಿ, ಇದು ವಿಧಿಯ ಕೆಲಸವೋ ಮಾಲೀಕನ ಕೆಲಸವೋ ಎಂದು ಬರೆದುಕೊಡಬೇಕು. ಬೂದಿ ಕೆದಕಿ ಬೆಂಕಿಯ ಜಾತಕ ಹೇಳುತ್ತಾನೆಂದು ಕಚೇರಿಯವರು ಅವನಿಗೆ ಬೂದಿ ಜೋಯಿಸ ಎಂದು ಹೆಸರಿಟ್ಟಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕಣ್ಣಿಗೆ ಮಣ್ಣೆರಚಿದವರು ಒಬ್ಬರೂ ಇಲ್ಲ ಎಂಬುದು ಅವನ ಹೆಮ್ಮೆ. ಹೊರಗೆ ಹೇಳಿಕೊಳ್ಳುತ್ತಿರಲಿಲ್ಲ, ಒಳಗೊಳಗೇ ಇಟ್ಟುಕೊಂಡಿದ್ದ.

ಅಂಥ ಚಾಣಾಕ್ಷನನ್ನು ಪುರಸಭೆಯ ಕಟ್ಟಡ ಸಮಿತಿ ಚೆಂಡಾಡಿತು. ಮನೆ ಅವನ ಅಜ್ಜನ ಕಾಲದ್ದು, ಮಣ್ಣಿನ ಗಾರೆಯ ಕಲ್ಲುಗೋಡೆ, ಹೆಂಚಿನ ಮಾಡು, ಹೊಸಿಲು ರಸ್ತೆಗೆ ತಾಗಿಕೊಂಡೇ ಇತ್ತು. ರಸ್ತೆಯಿಂದ ಎಂಟಡಿ ಬಿಟ್ಟು ಕಟ್ಟಬೇಕೆಂಬ ನಿಯಮ ಬಂದದ್ದು ಆಮೇಲೆ. ಬಾಗಿಲು ಅಗಲ ಮಾಡುತ್ತೇನೆ ಎಂದು ಅರ್ಜಿ ಹಾಕಿದ. ಗೋಡೆ ಮುಟ್ಟುವಂತಿಲ್ಲ ಎಂದರು. ಹೊರಗೆ ಕುರ್ಚಿ ಹತ್ತಲು ಇಳಿಜಾರು ಮಾಡಿಕೊಳ್ಳುತ್ತೇನೆ ಎಂದ. ರಸ್ತೆ ಒತ್ತುವರಿ ಎಂದರು. ಹಾಗಾದರೆ ಪೂರ್ತಿ ಕೆಡವಿ ಅದೇ ಜಾಗದಲ್ಲಿ ಕಟ್ಟುತ್ತೇನೆ ಎಂದಾಗ ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ನೋಡಿ, ನಿಮ್ಮ ಮನೆ ನಿಂತಿರೋದೇ ತಪ್ಪು ಜಾಗದಲ್ಲಿ. ಆದ್ರೆ ಅದು ಹಳೇ ತಪ್ಪು. ಹಳೇ ತಪ್ಪನ್ನ ನಾವು ಮಾಫಿ ಮಾಡಿದ್ದೀವಿ. ನೀವು ಅದನ್ನ ಸರಿ ಮಾಡೋಕೆ ಹೋದ್ರೆ ಹೊಸ ತಪ್ಪಾಗುತ್ತೆ."

ಎಂಟಡಿ ಬಿಟ್ಟರೆ ಉಳಿಯುವುದೇನು? ರಸ್ತೆಯಿಂದ ಹಿಂದಿನ ಚರಂಡಿ ಓಣಿಯವರೆಗೆ ಜಾಗ ಇದ್ದದ್ದೇ ಇಪ್ಪತ್ತಡಿ. ಮುಂದೆ ಎಂಟು, ಹಿಂದೆ ಓಣಿಗೆ ಬಿಡಬೇಕಾದ ಮೂರು ಕಳೆದರೆ ಒಂಬತ್ತಡಿಯ ಪಟ್ಟಿ. ಗೋಡೆಗಳ ದಪ್ಪ ತೆಗೆದು ಒಂದು ಮಂಚ ಹಾಕಿದರೆ ಗಾಲಿಕುರ್ಚಿ ತಿರುಗುವುದಿಲ್ಲ, ಹೋದ ಹಾಗೇ ಹಿಂದಕ್ಕೆ ಬರಬೇಕು. ಇದನ್ನೆಲ್ಲ ನಕ್ಷೆ ಬರೆದು ತೋರಿಸಿದ. ನಕ್ಷೆ ಚೆನ್ನಾಗಿದೆ ಎಂದರು, ಅಡಿಯಲ್ಲಿ ಬೇಡ ಮೀಟರಿನಲ್ಲಿ ತನ್ನಿ ಎಂದರು, ಮೀಟರಿನಲ್ಲಿ ತಂದ ದಿನ ಕಡತ ಸಿಗಲಿಲ್ಲ. ಐದನೆಯ ಅರ್ಜಿಯೂ ತಿರಸ್ಕೃತವಾದ ದಿನ ಅವನು ಪುರಸಭೆಯ ಬೆಂಚಿನ ಮೇಲೆ ಕೂತು, ಅಲ್ಲೇ ಬಿದ್ದಿದ್ದ ನಿಯಮದ ಪುಸ್ತಕ ತಿರುವಿಹಾಕಿದ. ನಲವತ್ತೊಂದನೆಯ ಪುಟದಲ್ಲಿ ಕಣ್ಣು ನಿಂತಿತು. ಹಳೆಯ ಮನೆಯು ಮಳೆ, ಗಾಳಿ ಮುಂತಾದ ಪ್ರಕೃತಿ ವಿಕೋಪದಿಂದ ತಾನಾಗಿ ಬಿದ್ದಲ್ಲಿ, ಮಾಲೀಕನು ಅದೇ ಅಡಿಪಾಯದ ಮೇಲೆ ಪುನಃ ಕಟ್ಟಿಕೊಳ್ಳಬಹುದು.

ತಾನಾಗಿ. ಆ ಒಂದು ಪದದ ಮೇಲೆ ಇಪ್ಪತ್ತೆರಡು ವರ್ಷ ಅನ್ನ ತಿಂದವನಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೆ? ನ್ಯಾಯವಾಗಿ ಕೇಳಿದರೆ ಕೊಡದವರಿಗೆ ಅನ್ಯಾಯವೇ ಮದ್ದು ಎಂದು ಅವನು ಅಲ್ಲೇ ತೀರ್ಮಾನಿಸಿದ.

ಸಿಕ್ಕಿಬಿದ್ದವರೆಲ್ಲ ಯಾಕೆ ಸಿಕ್ಕಿಬಿದ್ದರು ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಆತುರ, ಮೊದಲನೆಯದು. ನಿನ್ನೆ ಮನೆ ಬಿಟ್ಟು ಇವತ್ತು ಬೀಳಿಸಿದರೆ ನಾಯಿಗೂ ಅನುಮಾನ ಬರುತ್ತದೆ. ಮಳೆ ಶುರುವಾಗುವ ಮೊದಲೇ ಅವನು ಸಂಸಾರವನ್ನು ಒಂದು ಬಾಡಿಗೆ ಮನೆಗೆ ಸಾಗಿಸಿದ. ನೆಲಮಹಡಿ, ಅಗಲದ ಬಾಗಿಲು, ಮಗಳಿಗೆ ವ್ಯಾಯಾಮ ಹೇಳಿಕೊಡುವ ಚಿಕಿತ್ಸಕಿಯ ಮನೆ ಪಕ್ಕದಲ್ಲೇ. ಯಾರು ಕೇಳಿದರೂ ಒಪ್ಪುವ ಕಾರಣ. ಮಾಲೀಕರು ಒಂದು ವರ್ಷಕ್ಕೆ ಮಾತ್ರ ಕೊಟ್ಟಿದ್ದರು, ಆಮೇಲೆ ಅವರ ಅಳಿಯ ಬರುತ್ತಾನಂತೆ. ಅಲ್ಲಿಗೆ ಹೋದ ಮೂರನೆಯ ದಿನ ಅಂಚೆಯವನು ಬಂದಾಗ ಮಗಳು ತಾನೇ ಕುರ್ಚಿ ತಳ್ಳಿಕೊಂಡು ಹೋಗಿ ಬಾಗಿಲು ತೆರೆದು ಕಾಗದ ತೆಗೆದುಕೊಂಡಳು. ಅಡುಗೆಮನೆಯಲ್ಲಿದ್ದ ಹೆಂಡತಿ ಅದನ್ನು ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇನ್ನು ಏನಾದರೂ ಸರಿ ಎಂದುಕೊಂಡ ಅವನು.

ಎರಡನೆಯದು ಆಸೆ. ಕಳ್ಳ ಮಾಲೀಕರು ಮನೆ ಸುಡುವ ಮೊದಲು ಮದುವೆ ಫೋಟೋ, ಮಕ್ಕಳ ಬಹುಮಾನ, ಅಜ್ಜಿಯ ಸೀರೆ ತೆಗೆದಿಟ್ಟುಕೊಳ್ಳುತ್ತಾರೆ. ಊರೆಲ್ಲ ಸುಟ್ಟರೂ ಆಲ್ಬಮ್ ಒಂದು ಉಳಿದರೆ ಬೂದಿ ಜೋಯಿಸನಿಗೆ ಅಷ್ಟೇ ಸಾಕಿತ್ತು. ಅದಕ್ಕೇ ಅವನು ಫೋಟೋಗಳನ್ನು ಮೊಳೆಯಲ್ಲೇ ಬಿಟ್ಟ. ಹೆಂಡತಿಯ ಹೊಲಿಗೆ ಯಂತ್ರವನ್ನೂ ಬಿಟ್ಟ. "ಅದೇನು ಅಲ್ಲಿ ದೆವ್ವಗಳು ಹೊಲ್ಕೋತಾವಾ?" ಎಂದು ಅವಳು ಜಗಳ ತೆಗೆದಳು. ಇಲ್ಲಿ ಜಾಗ ಎಲ್ಲಿದೆ ಎಂದು ಅವನು ಬಾಯಿ ಮುಚ್ಚಿಸಿದ. ಮನೆಯ ವಿಮೆಯನ್ನು ನವೀಕರಿಸದೆ ಬಿಟ್ಟ, ಲಾಭವೇ ಇಲ್ಲದವನನ್ನು ಯಾರು ಅನುಮಾನಿಸುತ್ತಾರೆ? ವಿದ್ಯುತ್ ತೆಗೆಸಿದ, ನಲ್ಲಿ ಸಂಪರ್ಕ ತೆಗೆಸಿದ. ತಂತಿ ಸುಟ್ಟಿತ್ತು, ಕೊಳಾಯಿ ಒಡೆದಿತ್ತು ಎಂಬ ಅಡ್ಡಮಾತಿಗೆ ಎಡೆ ಇರಬಾರದು. ಬಿದ್ದರೆ ಮಳೆಗೇ ಬೀಳಬೇಕು.

ಮೂರನೆಯದು ಹತಾರ. ಹಾರೆ, ಉಳಿ, ಗರಗಸ ಎಲ್ಲ ಗುರುತು ಬಿಡುತ್ತವೆ. ನೀರಿಗೆ ಬೆರಳಚ್ಚಿಲ್ಲ. ಮಾಡಿನ ಭಾರವೆಲ್ಲ ಹೊತ್ತದ್ದು ನಡುಗೋಡೆ. ಅದು ಕುಸಿದರೆ ತೊಲೆ ಕುಸಿಯುತ್ತದೆ, ತೊಲೆಯ ಹಿಂದೆ ಮಾಡು, ಮಾಡಿನ ಎಳೆತಕ್ಕೆ ಹೊರಗೋಡೆಗಳು ಒಳಮುಖವಾಗಿ ಬೀಳುತ್ತವೆ; ರಸ್ತೆಯಲ್ಲಿ ಹೋಗುವವರಿಗೆ ಒಂದು ಕಲ್ಲೂ ತಾಗುವುದಿಲ್ಲ. ಅದನ್ನು ಮಾತ್ರ ಅವನು ಹತ್ತು ಸಲ ಲೆಕ್ಕ ಹಾಕಿ ನೋಡಿದ್ದ. ಭಾನುವಾರ ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಚರಂಡಿ ಓಣಿಯಿಂದ ಹಿತ್ತಿಲ ಬಾಗಿಲು ತೆರೆದು ಒಳಗೆ ಹೋಗುತ್ತಿದ್ದ. ಅಟ್ಟ ಹತ್ತಿ, ನಡುಗೋಡೆಯ ನೆತ್ತಿಗೆ ಸರಿಯಾಗಿ ಮೂರು ಹೆಂಚನ್ನು ಪೊರಕೆಯ ಹಿಡಿಯಿಂದ ಗೇಣುದ್ದ ಸರಿಸುತ್ತಿದ್ದ. ಬೆಕ್ಕು ಓಡಾಡಿದರೂ ಅಷ್ಟು ಸರಿಯುತ್ತದೆ. ಮೋಡವಿದ್ದರೆ ತೆರೆಯುವುದು, ಬಿಸಿಲಿದ್ದರೆ ಹಸಿ ಆರದಂತೆ ಮುಚ್ಚುವುದು, ಅಷ್ಟೇ ಕೆಲಸ. ಆಮೇಲೆ ಡಬ್ಬಿಯ ಊಟ ಮಾಡಿ, ಹಳೆಯ ಮಂಚದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಅಲ್ಲಿ ಬರುವಂಥ ನಿದ್ದೆ ಬಾಡಿಗೆ ಮನೆಯಲ್ಲಿ ಬರುತ್ತಿರಲಿಲ್ಲ. ಮನೆಯಲ್ಲಿ ತಪಾಸಣೆಗೆ ಹೋಗುತ್ತೇನೆ ಎಂದು ಹೇಳಿದ್ದ. "ಭಾನುವಾರಾನೂ ಬೆಂಕಿ ಬೀಳುತ್ತಾ ನಿಮ್ಮ ಊರಲ್ಲಿ?" ಎಂದು ಹೆಂಡತಿ ಕೇಳಿದರೆ, ಬೆಂಕಿಗೆ ರಜೆ ಇಲ್ಲ ಕಣೇ ಎನ್ನುತ್ತಿದ್ದ.

ಇಪ್ಪತ್ತನಾಲ್ಕನೆಯ ಭಾನುವಾರದ ಹೊತ್ತಿಗೆ ನಡುಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಬೆರಳಿಟ್ಟರೆ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಅವತ್ತು ಹೊರಗೆ ಜಿಟಿಜಿಟಿ ಮಳೆ. ಹೆಂಚು ತೆರೆದಿಟ್ಟು ಬಂದಿದ್ದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಇಂಥ ಮಳೆಗೆ ಮನೆ ಬಿತ್ತು ಎಂದರೆ ನಾನಾಗಿದ್ದರೂ ನಂಬುತ್ತಿರಲಿಲ್ಲ ಎಂದುಕೊಂಡ ಬೂದಿ ಜೋಯಿಸ. ಕಳ್ಳರಿಗಿರದ ತಾಳ್ಮೆ ತನಗಿದೆ ಎಂದು ಬೀಗುತ್ತ ಹೆಂಚು ಮುಚ್ಚಿ ಬಂದ. ಮತ್ತೊಂದು ವಾರ ಕಾದ. ಇಪ್ಪತ್ತಾರನೆಯ ಭಾನುವಾರ, ಬಿರುಗಾಳಿ ಬರಲಿದೆ ಎಂದು ರೇಡಿಯೋ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಐದು ಹೆಂಚು ಸರಿಸಿ, ಅಜ್ಜನ ಫೋಟೋ ಕಡೆ ನೋಡದೆ, ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಬಂದ.

ಗುರುವಾರ ಬೆಳಗ್ಗೆ, ಊರಿನ ಅರ್ಧ ಮರಗಳ ಜೊತೆಗೆ ಮನೆಯೂ ಮಲಗಿತ್ತು. ಒಂದು ಕಲ್ಲೂ ರಸ್ತೆಗೆ ಬಿದ್ದಿರಲಿಲ್ಲ. ಅಷ್ಟು ಅಚ್ಚುಕಟ್ಟು ಕೆಲಸ ನೋಡಿ ಅವನಿಗೆ ಒಳಗೊಳಗೇ ಸಂತೋಷವಾಯಿತು. ಆದರೆ ಹೆಂಡತಿ ಮಣ್ಣಿನಡಿಯಿಂದ ಹೊಲಿಗೆ ಯಂತ್ರದ ಚಕ್ರ ಎಳೆಯುತ್ತ ಅತ್ತಾಗ ಮಾತ್ರ ಆ ಸಂತೋಷ ಇಳಿದುಹೋಯಿತು. ಪುರಸಭೆಯಿಂದ ಒಬ್ಬ ಎಳೆಯ ಎಂಜಿನಿಯರ್ ಬಂದ. ಎಲ್ಲಿ ನೋಡಬೇಕೋ ಅಲ್ಲಿ ಬಿಟ್ಟು ಬೇರೆಲ್ಲ ಕಡೆ ನೋಡಿದ. ಹುಡುಗಾ, ಮೊದಲು ತೊಲೆಯ ತುದಿ ನೋಡೋ ಎಂದು ಹೇಳಲು ಬೂದಿ ಜೋಯಿಸನ ನಾಲಿಗೆ ತುರಿಸಿತು, ಕಚ್ಚಿಕೊಂಡ. ಗಾಳಿಮಳೆಗೆ ತಾನಾಗಿ ಕುಸಿದಿದೆ ಎಂದು ಎಂಜಿನಿಯರ್ ವರದಿ ಬರೆದ. "ಖಾಲಿ ಮಾಡಿದ ಮೇಲೆ ಒಳಗೆ ಹೋಗಿದ್ರಾ ಸರ್?" ಎಂದು ಕೇಳಿದ. ಹೋಗಿಲ್ಲ ಎಂಬ ಹೇಳಿಕೆಗೆ ಬೂದಿ ಜೋಯಿಸ ಸಹಿ ಹಾಕಿದ. ಅಧ್ಯಕ್ಷರಂತೂ ಎರಡೂ ಕೈ ಹಿಡಿದು, "ನಮ್ಮ ಕೈಲಿ ಆಗ್ಲಿಲ್ಲ, ದೇವರೇ ದಾರಿ ತೋರಿಸ್ದ ನೋಡಿ" ಎಂದರು.

ಇನ್ನು ಉಳಿದದ್ದು ಅನುಮತಿ ಪತ್ರ. ಅದನ್ನು ಕಣ್ಣಾರೆ ನೋಡಬೇಕೆಂದು ಮಗಳೂ ಹೊರಟಳು. ಪುರಸಭೆಗೆ ಒಳ್ಳೆಯ ಇಳಿಜಾರು ಇತ್ತು, ತಾನೇ ಏರಿ ಬಂದು ಕಟ್ಟಡ ವಿಭಾಗದ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡಳು. ಅಲ್ಲಿನ ಗುಮಾಸ್ತೆ ನಿವೃತ್ತಿಗೆ ಹತ್ತಿರವಾದ ಹೆಂಗಸು, ಐದು ಅರ್ಜಿಯ ಕಾಲದಿಂದಲೂ ಇವರನ್ನು ನೋಡಿ ಮರುಗಿದವಳು. ಮಗಳನ್ನು ನೋಡಿ ನಕ್ಕು, "ಬಾಗಿಲು ಎಷ್ಟು ಅಗಲ ಇಡಿಸ್ಕೋತೀಯಮ್ಮ?" ಎಂದಳು. "ಮೂರೂವರೆ ಅಡಿ ಆಂಟಿ" ಎಂದಳು ಮಗಳು, ಮೊದಲೇ ಯೋಚಿಸಿಟ್ಟವಳಂತೆ. ಗುಮಾಸ್ತೆ ಕಡತ ಬಿಚ್ಚಿ ಒಂದೊಂದೇ ಖಾನೆ ತುಂಬುತ್ತ ಹೋದಳು. "ಮನೆ ಯಾವತ್ತಿಂದ ಖಾಲಿ ಇತ್ತು ಸರ್?" ಎಂದು ಕೇಳಿದಳು.

ಈ ಪ್ರಶ್ನೆಗಾಗಿಯೇ ಅವನು ಆರು ತಿಂಗಳಿಂದ ಕಾದಿದ್ದ. ಕೇಳದ ಕಾಗದ ಕೊಡುವವನೇ ಕಳ್ಳ ಎಂಬುದು ಅವನ ಕಸುಬಿನ ಸೂತ್ರ. ಈಗ ಅವರೇ ಕೇಳಿದ್ದರು. ಬಾಡಿಗೆ ಕರಾರು, ವಿದ್ಯುತ್ ತೆಗೆಸಿದ ಪತ್ರ, ನಲ್ಲಿ ತೆಗೆಸಿದ ಪತ್ರ, ಶಾಲೆಯಲ್ಲಿ ವಿಳಾಸ ಬದಲಾಯಿಸಿದ್ದು, ಎಲ್ಲವೂ ಒಂದೇ ವಾರದವು, ಎಲ್ಲದರ ಮೇಲೂ ಮುದ್ರೆ. ಸಾಲಾಗಿ ಮೇಜಿನ ಮೇಲೆ ಇಟ್ಟ. ಗುಮಾಸ್ತೆ ದಿನಾಂಕ ನೋಡಿದಳು, ಕ್ಯಾಲೆಂಡರ್ ಎಳೆದುಕೊಂಡು ಎಣಿಸಿದಳು, ನಗು ಮಾಯವಾಗಿ ಮತ್ತೊಮ್ಮೆ ಎಣಿಸಿದಳು.

ಆಮೇಲೆ ನಿಯಮದ ಪುಸ್ತಕ ತೆಗೆದಳು, ನಲವತ್ತೊಂದನೆಯ ಪುಟ ಅಲ್ಲ, ಎರಡನೆಯ ಪುಟ. ಪದಗಳಿಗೆ ಅರ್ಥ ಕೊಟ್ಟ ಪುಟ ಅದು. ಮನೆ ಎಂದರೇನು ಎಂದು ತಿಳಿಯಲು ಯಾರು ಪುಸ್ತಕ ತೆರೆಯುತ್ತಾರೆ? ಬೂದಿ ಜೋಯಿಸನೂ ತೆರೆದಿರಲಿಲ್ಲ. "ಹಳೇ ಮನೆ ಅಂದ್ರೆ ಜನ ವಾಸ ಇರೋ ಮನೆ ಅಂತ ಇದೆ ಸರ್. ಸಾಮಾನು ಇದ್ರೆ ಸಾಲದು. ಒಂದೇ ಸಮನೆ ನೂರ ಎಂಬತ್ತು ದಿನ ಖಾಲಿ ಬಿಟ್ರೆ ಹಳೇ ಹಕ್ಕು ಹೋಗುತ್ತೆ, ಬರೀ ಸೈಟು ಅಂತ ಲೆಕ್ಕ. ಬಿದ್ದ ದಿನಕ್ಕೆ ನಿಮ್ಮದು ನೂರ ಎಂಬತ್ತಾರು ಆಗಿದೆ. ಎಂಟಡಿ ಬಿಟ್ಟೇ ಕಟ್ಟಬೇಕಾಗುತ್ತೆ." ಅವಳಿಗೆ ನಿಜಕ್ಕೂ ಸಂಕಟವಾಗಿತ್ತು. ಬಾಗಿಲಲ್ಲಿದ್ದ ಮಗಳತ್ತ ಒಮ್ಮೆ ನೋಡಿ, ಪೆನ್ನು ಕೈಗೆ ತೆಗೆದುಕೊಂಡು, ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ನಡುವೆ ಯಾವತ್ತಾದ್ರೂ ಹೋಗಿ ಒಂದು ಹೊತ್ತು ಉಂಡು ಮಲಗಿದ್ದಿರಾ ಸರ್? ನೆನಪು ಮಾಡ್ಕೊಳ್ಳಿ. ಒಂದೇ ಒಂದು ದಿನ ಇದ್ರೂ ಸಾಕು, ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತೆ. ಹೇಳಿ, ಬರ್ಕೋತೀನಿ." ಇಪ್ಪತ್ತಾರು ಭಾನುವಾರ, ಇಪ್ಪತ್ತಾರು ಊಟ, ಇಪ್ಪತ್ತಾರು ನಿದ್ದೆ. ಅವಳ ಮೊಣಕೈ ಕೆಳಗಿದ್ದ ಎಂಜಿನಿಯರ್ ವರದಿಯಲ್ಲಿ ಅವನದೇ ಹೇಳಿಕೆ, ಅದರ ಕೆಳಗೆ ಅವನದೇ ಸಹಿ. ಹಿಂದಿನಿಂದ ಮಗಳು, "ಅಪ್ಪಾ, ಹೇಳಪ್ಪ, ಹೋಗಿದ್ಯಾ?" ಎಂದಳು. "ಇಲ್ಲ ಮೇಡಂ" ಎಂದ ಬೂದಿ ಜೋಯಿಸ, "ಬಿಟ್ಟು ಬಂದ ಮೇಲೆ ಒಂದು ದಿನಾನೂ ಕಾಲಿಟ್ಟಿಲ್ಲ."