ಗಂಟೆಗಳ ನಡುವೆ ಬಿಟ್ಟ ಜಾಗ

ಬೆಟ್ಟಗಳಿಗೂ ಕಿವಿಯಿದ್ದ ಕಾಲವಪ್ಪಾ ಅದು. ಕಂಚಿನಪುರವೆಂಬ ರಾಜ್ಯದಲ್ಲಿ ಗಂಟೆ ಎರಕ ಹೊಯ್ಯುವವನ ಮಗಳು ದ್ಯಾವಿ ಇದ್ದಳು. ಹೊಗೆಗಣ್ಣನೆಂಬ ಮಾಂತ್ರಿಕ ಅವಳ ತಮ್ಮ ಕೆಂಚನನ್ನು ಕಲ್ಲು ಮಾಡಿ ತಾಮ್ರದ ಬೆಟ್ಟದೊಳಗೆ ಇಟ್ಟುಬಿಟ್ಟ. ಬೆಟ್ಟಕ್ಕೆ ಮೂರು ಬಾಗಿಲು. ತೆರೆಯಬೇಕಾದರೆ ಬಾಗಿಲಿಗೊಂದರಂತೆ ಕೈಲಿರುವ ಗಂಟೆಗಳಿಗೆ ಹೊಸ ಗಂಟೆ ಸೇರಿಸಬೇಕು, ಎಲ್ಲವೂ ಒಟ್ಟಿಗೇ ಹೊಂದಿ ನುಡಿಯಬೇಕು. ಕಿವಿಗೆ ಕಿರ್ರೆಂದಿತೋ, ಬಾರಿಸಿದವರೇ ಕಲ್ಲು!

ದ್ಯಾವಿ ಅಪ್ಪನ ಗಂಟೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಕೋಲಿಗೆ ಸ, ತುಸು ತಗ್ಗಿದ ಮೆತ್ತನೆಯ ಗ, ಪ ಎಂಬ ಸ್ವರಗಳ ಮೂರು ಗಂಟೆ ಕಟ್ಟಿಕೊಂಡಳು. ಅಲುಗಿಸಿದರೆ ಮೂರೂ ಸೇರಿ ತಮ್ಮನನ್ನು ನೆನೆದು ಅತ್ತಂತೆ ಕೇಳುತ್ತಿತ್ತು.

ಮೊದಲ ಬಾಗಿಲಲ್ಲಿ ಕಲ್ಲುನಾಯಿ. “ಇನ್ನೊಂದು ದನಿ ತಾ” ಅಂದಿತು. ದ್ಯಾವಿ ಪ ದಾಟಿ, ಒಂದು ಸ್ವರ ಬಿಟ್ಟು, ಮೆತ್ತನೆಯ ನಿ ಕಟ್ಟಿದಳು. ಅಳು ಅಳುವಾಗಿಯೇ ಉಳಿಯಿತು. ಆದರೆ ಯಾರೋ ತಲೆ ನೇವರಿಸಿದ ಹಾಗಾಯಿತು. ನಾಯಿ ಬಾಲ ಅಲ್ಲಾಡಿಸಿತು, ಬಾಗಿಲು ತೆರೆಯಿತು.

ಎರಡನೆಯದರಲ್ಲಿ ಏಳು ಹೆಡೆಯ ಹಾವು. “ಇನ್ನೊಂದು ದನಿ ತಾ” ಅಂದಿತು. ಕಂಚಿನಪುರದಲ್ಲಿ ಎತ್ತಿನ ಕೊರಳಿಗೆ ಗಂಟೆಗಳನ್ನು ಒತ್ತೊತ್ತಾಗಿ ಕಟ್ಟುವುದು ರೂಢಿ. ಅದೇ ಕೈಯಭ್ಯಾಸದಲ್ಲಿ ಸ, ಗ ನಡುವೆ ರಿ ತುರುಕಿದಳು. ಕಿರ್ರ್! ಪಾದ ಕಲ್ಲಾಯಿತು, ಮೊಣಕಾಲಿಗೆ ಕಲ್ಲು ಏರತೊಡಗಿತು.

“ಏನಮ್ಮಣ್ಣಿ, ಬೆಕ್ಕುಗಳ ಜಗಳ ಹೊತ್ತು ತಂದೆಯಾ?” ಹಾವು ಏಳು ಬಾಯಲ್ಲೂ ನಕ್ಕಿತು.

“ಸುಮ್ನಿರು ಹಾವಣ್ಣ, ಯೋಚನೆ ಮಾಡೋಕೆ ಬಿಡು.”

ಮಿಕ್ಕ ಗಂಟೆಗಳೆಲ್ಲ ನಡುವೆ ಒಂದು ಸ್ವರದ ಜಾಗ ಬಿಟ್ಟು ಕೂತಿವೆಯಲ್ಲ! ಆ ರಿ ಬಿಚ್ಚಿ, ಮೇಲಿನ ಸ್ಥಾಯಿಯ ಪುಟ್ಟ ರಿ ಹುಡುಕಿ, ನಿ ಮೇಲೆ ಒಂದು ಬಿಟ್ಟು ಕಟ್ಟಿದಳು. ಅದೇ ರಿ, ಈಗ ಜೇನು! ಕಾಲು ಕಾಲಾಯಿತು, ಬಾಗಿಲು ತೆರೆಯಿತು.

ಮೂರನೆಯದರಲ್ಲಿ ಹೊಗೆಗಣ್ಣನೇ ನಿಂತಿದ್ದ. “ಇನ್ನು ಮೇಲಿನ ಮ ಕಟ್ಟು. ಆದರೆ ಗೆಲ್ಲೋ ದಿನ ಅಳೋ ಗಂಟೆ ಯಾಕೆ ಹುಡುಗಿ? ಆ ಮೆತ್ತನೆಯ ಗ ಬಿಸಾಕು. ಇಗೋ, ನಗೋ ಗ.”

ದ್ಯಾವಿ ಎರಡೂ ಗ ಗಂಟೆಗಳನ್ನು ಒಂದೊಂದಾಗಿ ಮ ಜೊತೆ ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟಿದಳು. ನಗುವ ಗ ಮೇಲೇರಿ ಮ ಮೈಗೆ ಉಜ್ಜುತ್ತಿತ್ತು. ಮೆತ್ತನೆಯ ಗ ತಗ್ಗಿ ನಿಂತಿದ್ದರಿಂದಲೇ ಮ ಉಸಿರಾಡುವಷ್ಟು ಜಾಗ.

“ನಿನ್ನ ನಗು ನಿನಗೇ ಇರಲಿ” ಎಂದು ಅವನ ಗಂಟೆಯನ್ನು ಅವನ ಕೈಗೇ ತುರುಕಿ, ತುದಿಗೆ ಮ ಕಟ್ಟಿ, ಕೋಲು ಬೀಸಿದಳು.

ಅಬ್ಬಾ! ಆ ಅಳು ಆಕಾಶದಷ್ಟು ಅಗಲವಾಯಿತು. ಬೆಟ್ಟ ಬಿರಿಯಿತು. ದನಿ ಕೆಡಿಸಲೆಂದು ಹೊಗೆಗಣ್ಣ ತನ್ನ ಗ ಬಾರಿಸಿದ. ಕಿರ್ರ್! ಬಾರಿಸಿದವನೇ ಕಲ್ಲಾಗಿ ನಿಂತ.

ಒಳಗಿನಿಂದ ಕೆಂಚ ಕಣ್ಣುಜ್ಜುತ್ತ ಬಂದ. “ಅಕ್ಕಾ, ಹಸಿವು ಕಣೇ.”

“ಕಲ್ಲಿಗೆಂಥ ಹಸಿವೋ!” ಎಂದು ಬಾಚಿ ತಬ್ಬಿಕೊಂಡಳು.

ಊರಿಗೆ ಊರೇ ಎದುರು ಬಂತು. ಅಳುವ ಗಂಟೆಗಳಿಗೇ ಮುದುಕರು ಮಕ್ಕಳು ಕುಣಿದರು, ರಾಜನೂ ಪಂಚೆ ಎತ್ತಿಕಟ್ಟಿ ಕುಣಿದ. ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಉಂಡುಟ್ಟು, ಹಾಡಿಕೊಂಡು, ಚೆನ್ನಾಗಿ ಬಾಳಿದರು.