ಇಪ್ಪತ್ಮೂರು ಕ್ಯಾನ್ ನೀರು

ದೂರು ಬಂದದ್ದು ಜೂನ್ 12, ಗುರುವಾರ ಮಧ್ಯಾಹ್ನ 12.10ಕ್ಕೆ. ಕೊಟ್ಟವರು ಅಬಕಾರಿ ಅಧಿಕಾರಿ. ದೂರು ಠಾಣೆಯ ಮೇಲೆಯೇ.

ಅಂದು ಬೆಳಿಗ್ಗೆ ನ್ಯಾಯಾಲಯದ ಆದೇಶದಂತೆ ಜಪ್ತಿ ಮಾಡಿದ ಕಳ್ಳಭಟ್ಟಿಯನ್ನು ಠಾಣೆಯ ಹಿತ್ತಲಲ್ಲಿ ನಾಶಪಡಿಸುವ ಕೆಲಸವಿತ್ತು. ನಲವತ್ತೊಂದು ಕ್ಯಾನು, ತಲಾ ಇಪ್ಪತ್ತು ಲೀಟರ್. ಊರಿನಲ್ಲಿ ಪಾನನಿರೋಧ ಬಂದು ಆರು ವರ್ಷವಾಗಿತ್ತು. ಪ್ರತಿ ವರ್ಷವೂ ಸೀಲು ಸರಿಯಿದೆಯೇ ಎಂದು ನೋಡುವುದು, ಒಡೆಯುವುದು, ಚರಂಡಿಗೆ ಸುರಿದು ಸಹಿ ಹಾಕುವುದು ರೂಢಿ. ಹೊಸದಾಗಿ ವರ್ಗವಾಗಿ ಬಂದಿದ್ದ ಈ ಅಧಿಕಾರಿ ಮಾತ್ರ ಚೀಲದಿಂದ ಹೈಡ್ರೋಮೀಟರ್ ತೆಗೆದರು. ದ್ರವದಲ್ಲಿ ಮದ್ಯಸಾರ ಎಷ್ಟಿದೆ ಎಂದು ತೇಲಿ ತೋರಿಸುವ ಗಾಜಿನ ಕೊಳವೆ ಅದು. ಮೊದಲ ಕ್ಯಾನಿನಲ್ಲಿ ಅದು ಸೊನ್ನೆ ತೋರಿಸಿತು. ಎರಡನೆಯದರಲ್ಲೂ ಸೊನ್ನೆ. ಎಲ್ಲವನ್ನೂ ಅಳೆದು ಮುಗಿಸಿದಾಗ ಇಪ್ಪತ್ಮೂರು ಕ್ಯಾನುಗಳಲ್ಲಿ ಇದ್ದದ್ದು ಬರೀ ನೀರು. ಅರಗಿನ ಸೀಲು ಒಂದರಲ್ಲೂ ಕದಲಿರಲಿಲ್ಲ.

ಠಾಣೆಯವರ ಮೇಲಿನ ದೂರನ್ನು ಠಾಣೆಯವರೇ ತನಿಖೆ ಮಾಡುವಂತಿಲ್ಲ. ಎಫ್‌ಐಆರ್ ದಾಖಲಾದ ಮೇಲೆ ಪಕ್ಕದ ಠಾಣೆಯ ಇನ್ಸ್‌ಪೆಕ್ಟರ್‌ಗೆ ಪ್ರಕರಣ ವಹಿಸಲಾಯಿತು. ಆಕೆ 3.30ಕ್ಕೆ ಬಂದರು. ಜೊತೆಗೆ ಒಬ್ಬ ಕಾನ್‌ಸ್ಟೆಬಲ್. ನೀರು ಕುಡಿದ ಸಮಯವನ್ನೂ ಬರೆದಿಡುವವನೆಂದು ಸಹೋದ್ಯೋಗಿಗಳು ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು.

"ಮೇಡಂ, ನೀರನ್ನ ಹಿಡ್ಕೊಂಡು ಬಂದು ಕಾವಲು ಬೇರೆ ಕಾದಿದ್ದಾರೆ," ಎಂದ ಗಡಿಯಾರ, ಕ್ಯಾನುಗಳ ಸಾಲು ನೋಡಿ. "ಜಾಮೀನಾದ್ರೂ ಕೊಡಬಹುದಿತ್ತು."

"ನಗು ಆಮೇಲೆ. ಸ್ಯಾಂಪಲ್ ವರದಿ ತೆಗಿ."

ಜಪ್ತಿಯಾದ ದಿನವೇ ಪ್ರತಿ ಕ್ಯಾನಿನಿಂದ ಪ್ರಯೋಗಾಲಯಕ್ಕೆ ಮಾದರಿ ಹೋಗಿತ್ತು. ವರದಿ ಸ್ಪಷ್ಟವಾಗಿತ್ತು: ನಲವತ್ತೊಂದರಲ್ಲೂ ಮದ್ಯ. ಹಾಗಾದರೆ ಬದಲಾವಣೆ ಆದದ್ದು ಜಪ್ತಿ ಮಾಲಿನ ಕೋಣೆ ಸೇರಿದ ಮೇಲೆ. ಆ ಕೋಣೆಯ ಕೀಲಿ ಇರುತ್ತಿದ್ದುದು ರೈಟರ್ ಬಳಿ.

ರೈಟರ್ ಎಂದರೆ ಠಾಣೆಯ ಕಡತ, ಕೋಣೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್. ಮೂವತ್ತನಾಲ್ಕು ವರ್ಷದ ನೌಕರಿ, ಜೂನ್ 30ಕ್ಕೆ ನಿವೃತ್ತಿ. ಮಧ್ಯಾಹ್ನವೇ ಅವರನ್ನು ಅಮಾನತು ಮಾಡಲಾಗಿತ್ತು. ಹದಿನೆಂಟು ದಿನದಲ್ಲಿ ಬೇರೆ ಕಳ್ಳ ಸಿಗದಿದ್ದರೆ ಕಳ್ಳ ಅವರೇ.

"ಕೀಲಿ ಯಾರ ಹತ್ರ?"

"ನನ್ನ ಹತ್ರ ಮೇಡಂ."

"ಇನ್ನೊಂದು?"

"ಇನ್ನೊಂದಿಲ್ಲ."

"ರಜೆ ಹಾಕಿದಾಗ?"

"ರಜೆ ಹಾಕಿದ್ರೆ ತಾನೇ ಮೇಡಂ."

"ಸೀಲು ಒತ್ತೋ ಅಚ್ಚು?"

"ಅದು ಠಾಣೇಲಿ ಇರಲ್ಲ. ಸೀಲು ಹಾಕಿದ ತಕ್ಷಣ ಪಂಚರ ಕೈಗೆ ಕೊಟ್ಟುಬಿಡ್ತೀವಿ. ನಿಯಮ ಹಾಗಿದೆಯಲ್ಲ."

ಇನ್ಸ್‌ಪೆಕ್ಟರ್‌ಗೂ ಗೊತ್ತಿದ್ದ ನಿಯಮವೇ. ಸೀಲು ಒಡೆದು ಮತ್ತೆ ಹಾಕುವ ಕೆಟ್ಟ ಬುದ್ಧಿ ಪೊಲೀಸರಿಗೆ ಬಾರದಿರಲಿ ಎಂದು ಹಿತ್ತಾಳೆ ಅಚ್ಚನ್ನು ಹೊರಗಿನ ಸಾಕ್ಷಿಗೆ, ಅಂದರೆ ಪಂಚರಿಗೆ, ಒಪ್ಪಿಸುತ್ತಾರೆ. ಪೊಲೀಸರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ನಿಯಮವಾದ್ದರಿಂದ ಅದರಲ್ಲಿ ಪಂಚರ ಬುದ್ಧಿಯ ಬಗ್ಗೆ ಒಂದಕ್ಷರವೂ ಇಲ್ಲ.

"ಪಂಚರು ಯಾರು?"

"ಪಕ್ಕದ ಸಂಗ್ರಹಾಲಯದ ಮೇಷ್ಟ್ರು. ಆರು ವರ್ಷದಿಂದ ಅವರೇ. ಕೂಗಿದ್ರೆ ಬರ್ತಾರೆ, ಅಕ್ಷರ ಮುತ್ತಿನ ಹಾಗೆ. ಕೋರ್ಟಲ್ಲೂ ತಡವರಿಸಲ್ಲ."

"ಅವರು ಈ ಕೋಣೆಗೆ ಬಂದಿದ್ರಾ?"

"ಹೊಸ್ತಿಲು ದಾಟಿಲ್ಲ ಮೇಡಂ."

ಇನ್ಸ್‌ಪೆಕ್ಟರ್ ಕ್ಯಾನುಗಳನ್ನು ಜಪ್ತಿಯಾದ ದಿನಾಂಕದ ಪ್ರಕಾರ ಜೋಡಿಸಲು ಹೇಳಿದರು. 5.05ರ ಹೊತ್ತಿಗೆ ಸಾಲು ತಾನೇ ಮಾತಾಡಿತು. ಮಾರ್ಚ್ 7ರವರೆಗಿನ ಇಪ್ಪತ್ಮೂರೂ ನೀರು. ಮಾರ್ಚ್ 19ರಿಂದ ಈಚಿನ ಹದಿನೆಂಟೂ ಮದ್ಯ. ನಡುವಿನ ಹನ್ನೆರಡು ದಿನದಲ್ಲಿ ಏನೋ ನಡೆದಿದೆ. ರಿಜಿಸ್ಟರಿನಲ್ಲಿ ಆ ಪುಟ ಬಿಳಿಯಾಗಿತ್ತು.

ಗಡಿಯಾರ ಕತ್ತೆತ್ತಿದ. "ಮೇಡಂ, ಠಾಣೆ ಸೂರೆಲ್ಲ ಮುದುಕ. ಈ ಕೋಣೆ ತಗಡು ಮಾತ್ರ ಮದುವಣಗಿತ್ತಿ ಥರ ಇದೆ."

ದುರಸ್ತಿಯ ಕಡತ ತರಿಸಿದರು. ಚಾವಣಿ ಕೆಲಸ: ಮಾರ್ಚ್ 10ರಿಂದ 14.

"ತಗಡು ಬಿಚ್ಚಿದಾಗ ಕ್ಯಾನು ಎಲ್ಲಿದ್ವು?"

ರೈಟರ್ ಮೇಜಿನ ಅಂಚನ್ನು ಒರೆಸತೊಡಗಿದರು. ಅಲ್ಲಿ ಧೂಳೇನೂ ಇರಲಿಲ್ಲ.

"ಮೇಷ್ಟ್ರ ಗೋದಾಮಲ್ಲಿ. ಐದು ದಿನ. ಬೀಗ ನಮ್ದೇ ಹಾಕಿದ್ದೆ."

"ಯಾಕೆ ಬರೀಲಿಲ್ಲ?"

"ಬರೆದ್ರೆ ಕೋರ್ಟಿನ ಅನುಮತಿ ಎಲ್ಲಿ ಅಂತಾರೆ. ಅನುಮತಿ ಬರೋಷ್ಟರಲ್ಲಿ ತಗಡಿನವನು ಓಡಿಹೋಗ್ತಿದ್ದ."

"ಮಧ್ಯಾಹ್ನದಿಂದ ಯಾಕೆ ಹೇಳಲಿಲ್ಲ? ನಿಮ್ಮ ಕುತ್ತಿಗೆಗೇ ಬಂದಿದೆ."

"ಹೇಳಿದ್ರೆ ಅವರ ಕುತ್ತಿಗೆಗೆ ಹೋಗುತ್ತೆ. ಒಂದು ತೊಟ್ಟು ಮುಟ್ಟದ ಮನುಷ್ಯ ಮೇಡಂ. ನಮ್ಮ ಟೀ ಕೂಡ ಬೇಡ ಅಂತಾರೆ."

ಆ ಸಂಜೆ ಇನ್ಸ್‌ಪೆಕ್ಟರ್ ಪಾನನಿರೋಧ ಕಾಯ್ದೆಯನ್ನು ಮೊದಲಿನಿಂದ ಓದಿದರು. ನಿಷೇಧ ಒಂದೇ ವಾಕ್ಯ. ವಿನಾಯಿತಿಗಳ ಪರಿಶಿಷ್ಟ ಎರಡೂವರೆ ಪುಟ: ಆಸ್ಪತ್ರೆ, ಔಷಧ ತಯಾರಿಕೆ, ಬಣ್ಣದ ಕಾರ್ಖಾನೆ, ಪ್ರಾರ್ಥನೆಗೆ ಬೇಕಾದ ವೈನ್, ಕಾಲೇಜಿನ ಪ್ರಯೋಗಶಾಲೆ. ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು. ಅಮೆರಿಕದ ಪಾನನಿರೋಧದಲ್ಲೂ ವೈದ್ಯರು ಚೀಟಿಯಲ್ಲಿ ವಿಸ್ಕಿ ಬರೆದುಕೊಡಬಹುದಿತ್ತು. ಬಾಗಿಲು ಹಾಕಿದವರು ಎಲ್ಲ ಕಡೆಯೂ ಕಿಟಕಿ ಬಿಟ್ಟಿದ್ದರು. ಯಾರಿಗೆ ಕಿಟಕಿ ಬಿಡಲು ಮರೆತಿದ್ದಾರೆ ಎಂಬುದು ಆಕೆಗೆ ಈಗ ಕುತೂಹಲ ಹುಟ್ಟಿಸಿದ ಪ್ರಶ್ನೆ.

ಜೂನ್ 13, ಬೆಳಿಗ್ಗೆ 10.15. ನದಿ ಮೀನುಗಳ ಸಂಗ್ರಹಾಲಯ ಠಾಣೆಯ ಕಾಂಪೌಂಡಿಗೆ ಅಂಟಿದ ಒಂದೇ ಉದ್ದನೆಯ ಹಜಾರ. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಒಳಗೆ ಬಣ್ಣ ಕಳೆದುಕೊಂಡ ಮೀನುಗಳು. ಮೇಲ್ವಿಚಾರಕರು ಅರವತ್ತರ ಹತ್ತಿರದವರು. ಯಾರಿಗೂ ಪಾಠ ಹೇಳಿದವರಲ್ಲ, ಆದರೂ ಊರಿಗೆಲ್ಲ ಮೀನು ಮೇಷ್ಟ್ರು.

"ಎಷ್ಟು ಜಾಡಿ ಮೇಷ್ಟ್ರೇ?"

"ಆರುನೂರ ಹನ್ನೆರಡು."

"ಒಳಗಿರೋದು?"

"ಮದ್ಯಸಾರ. ನೂರಕ್ಕೆ ಎಪ್ಪತ್ತು ಭಾಗ. ಅದಕ್ಕಿಂತ ಇಳಿದ್ರೆ ಮೀನು ಕೊಳೆಯುತ್ತೆ."

"ಪರ್ಮಿಟ್ ಇದೆಯಾ?"

ಮೇಷ್ಟ್ರು ಒಂದು ಕಡತ ತಂದಿಟ್ಟರು. ಆರು ವರ್ಷದಲ್ಲಿ ಏಳು ಅರ್ಜಿ. ಏಳಕ್ಕೂ ಉತ್ತರ ಒಂದೇ: 'ಸಂಗ್ರಹಾಲಯವು ಪರಿಶಿಷ್ಟದಲ್ಲಿ ಇರುವುದಿಲ್ಲ.'

"ಐಸ್‌ಲ್ಯಾಂಡ್ ಅಂತ ಒಂದು ದೇಶ ಇದೆ ಮೇಡಂ," ಎಂದರು ಮೇಷ್ಟ್ರು, ಕೇಳದೆಯೇ. "ನೂರು ವರ್ಷದ ಹಿಂದೆ ಅಲ್ಲೂ ಪಾನನಿರೋಧ. ಅವರ ಮೀನು ಹೋಗ್ತಿದ್ದದ್ದು ಸ್ಪೇನಿಗೆ. ನಮ್ಮ ವೈನ್ ತಗೊಳ್ಳದಿದ್ರೆ ನಿಮ್ಮ ಮೀನು ಬೇಡ ಅಂತು ಸ್ಪೇನು. ಕಾನೂನು ಬಗ್ಗಿತು, ವೈನ್ ಬಂತು. ಗಟ್ಟಿ ಬಿಯರ್ ಮಾತ್ರ 1989ರ ತನಕ ಇಲ್ಲ. ಮೀನಿನ ಮಾತು ಕೇಳಿದ ಸರಕಾರವೂ ಇತ್ತು ನೋಡಿ."

"ನಿಮ್ಮ ಮೀನಿನ ಮಾತು ಯಾರೂ ಕೇಳಲಿಲ್ಲ."

"ಸತ್ತ ಮೀನಲ್ವಾ."

"ಆರು ವರ್ಷದಿಂದ ಮಂಜೂರಿಲ್ಲ. ಜಾಡಿಗಳು ಮಾತ್ರ ಕತ್ತಿನ ತನಕ ತುಂಬಿವೆ. ಹೇಗೆ?"

ಮೇಷ್ಟ್ರು ಕಡತ ಮುಚ್ಚಿ ದಾರ ಕಟ್ಟಿದರು. ಕೊನೆಯ ಕಪಾಟಿನ ಕಾಲ ಬಳಿ ನೆಲದ ಮೇಲೆ ಎಳೆದ ಗೀರುಗಳಿದ್ದವು. ಇನ್ಸ್‌ಪೆಕ್ಟರ್ ಕಣ್ಣು ಅಲ್ಲಿ ನಿಂತಿತು.

"ಈ ಕಪಾಟು ಸ್ವಲ್ಪ ಸರಿಸ್ತೀರಾ?"

"ನಿಧಾನ. ಮೇಲಿನ ಸಾಲು ಅಲುಗಾಡುತ್ತೆ," ಎಂದು ಮೇಷ್ಟ್ರೇ ಕೈ ಹಚ್ಚಿದರು.

ಕಪಾಟಿನ ಹಿಂದೆ ಗೋದಾಮಿಗೆ ಹೋಗುವ ಒಳಬಾಗಿಲು. ರೈಟರ್ ಬೀಗ ಹಾಕಿದ್ದು ಹೊರಬಾಗಿಲಿಗೆ. ಒಳಗೆ ಎರಡು ಖಾಲಿ ಪೀಪಾಯಿ, ಒಂದು ಗಾಜಿನ ಬುರುಡೆ, ಸ್ಟವ್, ತಣ್ಣೀರು ಹಾಯಿಸುವ ಕೊಳವೆ. ಮಾರ್ಚ್‌ನ ಆ ಐದು ದಿನದಲ್ಲಿ ಕಳ್ಳಭಟ್ಟಿ ಪೀಪಾಯಿಗೆ ಹೋಗಿತ್ತು, ಕ್ಯಾನಿಗೆ ನಲ್ಲಿ ನೀರು ಬಂದಿತ್ತು. ಬಾಯಿಗೆ ಹೊಸ ಅರಗು, ಅದರ ಮೇಲೆ ಅದೇ ಹಿತ್ತಾಳೆ ಅಚ್ಚು. ಆಮೇಲೆ ಎರಡು ತಿಂಗಳು ಭಟ್ಟಿ ಇಳಿಸಿ ಮದ್ಯಸಾರವನ್ನು ಎಪ್ಪತ್ತಕ್ಕೆ ತಂದಿದ್ದರು.

"ಒಂದು ಲೋಟ ಕುಡಿದ್ರಾ?"

"ಇಲ್ಲ."

"ಮಾರಿದ್ರಾ?"

"ಇಲ್ಲ."

"ಕದಿಯೋದು ತಪ್ಪು ಅನ್ನಿಸಲಿಲ್ವಾ?"

"ಚರಂಡಿಯಿಂದ ಕದ್ದೆ ಅಂದ್ಕೊಂಡೆ ಮೇಡಂ. ಐದು ವರ್ಷ ನಾನೇ ಪಕ್ಕದಲ್ಲಿ ನಿಂತು, ಸುರಿದದ್ದು ನೋಡಿ ಸಹಿ ಹಾಕಿದ್ದೆ. ಅಳೀತಾರೆ ಅಂತ ಗೊತ್ತಿರಲಿಲ್ಲ."

10.50ಕ್ಕೆ ಬಂಧನ. ಪಂಚನಾಮೆಗೆ ಪಂಚರು ಬೇಕಿತ್ತು, ಠಾಣೆಯ ಕಾಯಂ ಪಂಚರೇ ಆರೋಪಿ. ಗಡಿಯಾರ ಎದುರು ರಸ್ತೆಯಿಂದ ಒಬ್ಬ ದರ್ಜಿಯನ್ನೂ ಒಬ್ಬ ಕ್ಷೌರಿಕನನ್ನೂ ಕರೆತಂದ.

ಹೊರಗೆ ರೈಟರ್ ನಿಂತಿದ್ದರು. ಕಳವಿನ ಆರೋಪ ಅವರ ಮೇಲಿಂದ ಸರಿದಿತ್ತು. ದಾಖಲಿಸದೆ ಮಾಲು ಸಾಗಿಸಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬರಬಹುದು. ಮೂವತ್ತನೇ ತಾರೀಕು ಅವರು ಸಮವಸ್ತ್ರದಲ್ಲೇ ಮನೆಗೆ ಹೋಗುತ್ತಾರೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮೇಷ್ಟ್ರೇ?"

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ನಿಮ್ಮ ಹೆಸರು ಬಂತು ಅಂತ ನಿನ್ನೆ ಗೊತ್ತಾಯ್ತು. ಬೆಳಿಗ್ಗೆ ಎದ್ದವನೇ ಬರಬೇಕಿತ್ತು. ಕಾಲು ಬರಲಿಲ್ಲ. ಕ್ಷಮಿಸಿಬಿಡಿ."

ರೈಟರ್ ಒಳಗಿಂದ ಒಂದು ಕುರ್ಚಿ ತಂದು ಮೇಷ್ಟ್ರಿಗೆ ಹಾಕಿದರು.

ಜಾಡಿಗಳೊಳಗಿನ ಮದ್ಯಸಾರವೂ ಈಗ ಜಪ್ತಿ ಮಾಲೇ. ಆದೇಶ ಬರುವವರೆಗೆ ಒಂದನ್ನೂ ಬರಿದು ಮಾಡಬಾರದೆಂದು ಇನ್ಸ್‌ಪೆಕ್ಟರ್ ನ್ಯಾಯಾಲಯಕ್ಕೆ ಅಲ್ಲಿಯೇ ಕೂತು ಬರೆದರು. ಪಟ್ಟಿ ಮಾಡುವ ಕೆಲಸ ಮಧ್ಯಾಹ್ನವೂ ನಡೆಯಿತು. ಜಾಡಿ ಸಂಖ್ಯೆ, ಮೀನಿನ ಹೆಸರು, ದ್ರವದ ಎತ್ತರ. ಮೇಷ್ಟ್ರು ಹೇಳುತ್ತಿದ್ದರು, ಗಡಿಯಾರ ಬರೆಯುತ್ತಿದ್ದ. 118ನೆಯ ಜಾಡಿ ಖಾಲಿಯಿತ್ತು. ತಳದಲ್ಲಿ ತೊಗಟೆಯಂಥದೇನೋ ಒಣಗಿ ಅಂಟಿತ್ತು.

"ಇದೇನಾಯ್ತು?" ಎಂದರು ಇನ್ಸ್‌ಪೆಕ್ಟರ್.

"ಎರಡು ವರ್ಷದ ಹಿಂದೆ, ಉಳಿದಿದ್ದ ಹಳೇ ಸ್ಪಿರಿಟ್ ಎಲ್ಲಕ್ಕೂ ಸಾಲಲಿಲ್ಲ. ಯಾವುದನ್ನ ಬಿಡೋದು ಅಂತ ನಾನೇ ಆರಿಸಬೇಕಾಯ್ತು. ಇದು ಮಾಮೂಲಿ ಮೀನು, ಹೊಳೆಯಲ್ಲಿ ಬೇಕಾದಷ್ಟಿದೆ ಅಂದ್ಕೊಂಡೆ. ಒಣಗಿದ ಮೇಲೆ ಹಳೇ ಪುಸ್ತಕ ತೆಗೆದು ನೋಡ್ತೀನಿ, ಬೆನ್ನಿನ ರೆಕ್ಕೆ ಮುಳ್ಳಿನ ಲೆಕ್ಕ ಯಾವುದಕ್ಕೂ ಹೊಂದಲ್ಲ. ಇನ್ನೂ ಯಾರೂ ಗುರುತಿಸದ ಬೇರೆಯೇ ಮೀನು. ಇದ್ದದ್ದು ಇದೊಂದೇ. ಅದು ಸಿಕ್ಕಿದ ಹಳ್ಳ ಈಗ ಅಣೆಕಟ್ಟಿನ ನೀರಿನ ಕೆಳಗಿದೆ." ಅವರು ಜಾಡಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಇನ್ನೊಂದು ಸಲ ಆರಿಸೋಕೆ ನನ್ನಿಂದ ಆಗ್ತಿರಲಿಲ್ಲ."

ಗಡಿಯಾರ ಪೆನ್ನು ಹಿಡಿದು ಕಾಯುತ್ತಿದ್ದ. "ಹೆಸರು ಏನಂತ ಬರೀಲಿ ಸಾರ್?"

"ಇಡಬೇಕಿತ್ತು."

ಗಡಿಯಾರ ಇನ್ಸ್‌ಪೆಕ್ಟರ್ ಮುಖ ನೋಡಿದ. ಆಕೆ ಮುಂದಿನ ಜಾಡಿಯತ್ತ ತಿರುಗಿದರು. ಅವನು ಆ ಅಂಕಣವನ್ನು ಹಾಗೆಯೇ ಬಿಟ್ಟು 119ಕ್ಕೆ ಹೋದ.